ತಲೆಕೆಳಗಾದವನ ಎಲೆ

ಶನಿವಾರ ಸಂಜೆ ಸುಧಾ ಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಬಾಣಲೆಯಿಂದ ಏಳುವ ಹೊತ್ತಿಗೆ ಸರಿಯಾಗಿ ನಾವೆಲ್ಲ ಸೇರಿದ್ದೆವು. ಸುಧಾ ಹೊಸದಾಗಿ ಟ್ಯಾರೋ ಎಲೆಗಳ, ಅಂದರೆ ಭವಿಷ್ಯ ಹೇಳುವ ಚಿತ್ರದೆಲೆಗಳ, ಕಟ್ಟು ತರಿಸಿದ್ದಳು. "ಮಂಜ, ಒಂದು ಎಲೆ ತೆಗಿಯೋ" ಎಂದಳು. ಮಂಜ ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಂದನ್ನು ಎಳೆದ.

ನೋಡಿದರೆ, ಒಬ್ಬ ಮನುಷ್ಯ ಒಂದೇ ಕಾಲಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದಾನೆ.

"ಒಟ್ಟು ಎಷ್ಟು ಎಲೆ?"

"78."

"ಅಷ್ಟರಲ್ಲಿ ನನಗೆ ಇವನೇ ಸಿಗಬೇಕಿತ್ತಾ?"

"ಹೆದರಬೇಡ ಕಣೋ. ಇದು 12ನೇ ನಂಬರು, ಹ್ಯಾಂಗ್ಡ್ ಮ್ಯಾನ್. ಮುಖ ನೋಡು, ಎಷ್ಟು ಶಾಂತವಾಗಿದ್ದಾನೆ. ತಲೆಯ ಸುತ್ತ ಪ್ರಭಾವಳಿ. ನೇತುಹಾಕಿದ ಮರದಲ್ಲಿ ಎಲೆ ಚಿಗುರಿದೆ. ಅಂದರೆ ಸುಮ್ನೆ ಕಾಯಬೇಕು, ಲೋಕವನ್ನು ಬೇರೆ ಕಡೆಯಿಂದ ನೋಡಬೇಕು ಅಂತ."

"ಕಾಯಿ ಅನ್ನೋಕೆ ಎಲೆ ಯಾಕೆ? ನಮ್ಮ ಮನೆ ಕಟ್ಟೋ ಕಾಂಟ್ರಾಕ್ಟರು ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ. ಅವನಿಗೆ ಪ್ರಭಾವಳಿ ಬೇರೆ ಇಲ್ಲ."

"ನಮ್ಮ ತ್ರಿಶಂಕು ಇದ್ದ ಹಾಗಿದೆ" ಎಂದೆ ನಾನು.

"ತ್ರಿಶಂಕುವಿಗೆ ವಿಶ್ವಾಮಿತ್ರ ಒಂದು ಸ್ವರ್ಗವನ್ನೇ ಕಟ್ಟಿಕೊಟ್ಟನಪ್ಪಾ. ನಾನು ಕೇಳಿದ್ದು ಎರಡು ಬೆಡ್‌ರೂಮು."

ಅಷ್ಟರಲ್ಲಿ ರಘು ಬಾಯಿ ಹಾಕಿದ. ಅವನು ಬಾಯಿ ಹಾಕಿದರೆ ಇತಿಹಾಸ ಬರುತ್ತದೆ, ಬಜ್ಜಿ ಆರುತ್ತದೆ. "ಸುಧಾ, ನೀನು ಸಾಧು ಅಂತ ತೋರಿಸುತ್ತಿರೋನು ಮೊದಲು ದ್ರೋಹಿ. ಇಟಲಿಯಲ್ಲಿ ಈ ಎಲೆಗೆ ಇಲ್ ತ್ರಾದಿತೋರೆ ಅಂತಲೂ ಹೆಸರಿತ್ತು. ದ್ರೋಹಿ ಅಂತಲೇ ಅರ್ಥ. ಆಗ ಇದರಲ್ಲಿ ಭವಿಷ್ಯವೂ ಇಲ್ಲ, ಗಿವಿಷ್ಯವೂ ಇಲ್ಲ. ಇಸ್ಪೀಟಿನ ಹಾಗೆ ಆಡುತ್ತಿದ್ದರು. ಇವನೂ ಒಂದು ತುರುಪಿನ ಎಲೆ."

"ಕಾಲಿಗೆ ಹಗ್ಗ ಯಾಕೆ?"

"ಅಲ್ಲಿ ಮಾತು ತಪ್ಪಿದವನು, ಸಾಲ ಮುಳುಗಿಸಿದವನು ಕೈಗೆ ಸಿಗದಿದ್ದರೆ ಅವನ ಚಿತ್ರವನ್ನು ಹೀಗೆ ತಲೆಕೆಳಗಾಗಿ ಊರ ಗೋಡೆಯ ಮೇಲೆ ಬರೆಸುತ್ತಿದ್ದರು. 1412ರಲ್ಲಿ ಮುತ್ಸಿಯೋ ಸ್ಫೋರ್ತ್ಸಾ ಅನ್ನೋ ದಂಡನಾಯಕ ಪಕ್ಷ ಬದಲಾಯಿಸಿದ. ರೋಮಿನ ಸೇತುವೆ, ಹೆಬ್ಬಾಗಿಲುಗಳಲ್ಲೆಲ್ಲ ಅವನನ್ನು ಬಲಗಾಲಿನಲ್ಲಿ ನೇತುಹಾಕಿದ ಚಿತ್ರ!"

"ಮರ್ಯಾದೆ ಹೋಯಿತು."

"ಎಲ್ಲಿ ಹೋಯಿತು? 1450ರಲ್ಲಿ ಅವನ ಮಗ ಮಿಲಾನಿನ ದೊರೆಯಾದ. ಆ ಮನೆತನಕ್ಕೆಂದೇ ಬರೆಸಿದ ಎಲೆಗಳಲ್ಲೂ ಈ ನೇತಾಡುವವನಿದ್ದಾನೆ."

ನನಗೆ ನಗು ತಡೆಯಲಿಲ್ಲ. ಅಪ್ಪನನ್ನು ಊರೆಲ್ಲ ನೇತುಹಾಕಿದ ಭಂಗಿಯ ಎಲೆಯನ್ನೇ ಹಿಡಿದು ಮಗ ಆಟಕ್ಕೆ ಕೂತರೆ ಹೇಗಿರಬೇಡ!

"ಹಾಗಾದರೆ ದ್ರೋಹಿಗೆ ಪ್ರಭಾವಳಿ ಕೊಟ್ಟೋರು ಯಾರು?" ಸುಧಾ ಬಿಡಲಿಲ್ಲ. ದುಡ್ಡು ಕೊಟ್ಟು ತರಿಸಿದ್ದಾಳೆ, ಬಿಡುವುದಾದರೂ ಹೇಗೆ?

"ನಿನ್ನ ಕೈಯಲ್ಲಿರೋದು 1909ರಲ್ಲಿ ಲಂಡನ್ನಿನಲ್ಲಿ ಬಂದದ್ದು. ವೇಟ್ ಅನ್ನೋ ಲೇಖಕ ಹೀಗಿರಲಿ ಅಂತ ಹೇಳಿದ, ಪಮೇಲಾ ಕೋಲ್ಮನ್ ಸ್ಮಿತ್ ಅನ್ನೋ ಕಲಾವಿದೆ ಚಿತ್ರ ಬರೆದಳು. ಆದರೆ ತಮಾಷೆ ಅದಕ್ಕೂ ಹಿಂದಿನದು. 1781ರಲ್ಲಿ ಪ್ಯಾರಿಸಿನ ಪಂಡಿತನೊಬ್ಬ, ಕೂರ್ ದ ಜೆಬೆಲಿನ್ ಅಂತ, ಇವನು ನೇತಾಡುತ್ತಲೇ ಇಲ್ಲ ಎಂದ. ಇದು ವಿವೇಕದ ಚಿತ್ರ, ಒಂದು ಹೆಜ್ಜೆ ಊರಿ ಇನ್ನೊಂದನ್ನು ಎಲ್ಲಿ ಇಡಲಿ ಅಂತ ಯೋಚಿಸುತ್ತಿದೆ, ಅಚ್ಚು ಹಾಕಿದವನು ಗೊತ್ತಾಗದೆ ತಿರುಗಿಸಿಬಿಟ್ಟ ಅಂತ ವಾದ!"

ಮಂಜ ತಕ್ಷಣ ಎಲೆಯನ್ನು ತಿರುಗಿಸಿದ. ಕೆಂಪು ಚಣ್ಣ, ನೀಲಿ ಅಂಗಿಯವನು ಈಗ ಒಂಟಿ ಕಾಲಿನಲ್ಲಿ, ಕೈ ಹಿಂದೆ ಕಟ್ಟಿ ನಿಂತಿದ್ದ.

"ವಿವೇಕವಂತೆ! ಮಗ್ಗಿ ಬಾರದೆ ಕ್ಲಾಸಿನ ಹೊರಗೆ ನಿಂತವನ ಹಾಗಿದ್ದಾನೆ."

"ಎಲೆ ತಿರುಗಿದರೆ ಅರ್ಥವೂ ತಿರುಗುತ್ತದೆ" ಎಂದಳು ಸುಧಾ. "ಕಾದದ್ದು ವ್ಯರ್ಥ ಅಂತ."

"ಇದೊಂದು ನಿಜ" ಎಂದು ಮಂಜ ಕೊನೆಯ ಬಜ್ಜಿಗೆ ಕೈ ಹಾಕಿದ.

ರಘುವಿಗೆ ಪಾಪ ಅನ್ನಿಸಿತೋ, ಬಜ್ಜಿ ಹೋಯಿತಲ್ಲಾ ಅನ್ನಿಸಿತೋ. "ಲೋ ಮಂಜ, ಇಟಲಿಯವರ ಹಾಗೇ ಮಾಡು. ನಿನ್ನ ಮನೆ ಗೋಡೆ ಮೇಲೆ ಆ ಕಾಂಟ್ರಾಕ್ಟರನ್ನು ತಲೆಕೆಳಗಾಗಿ ಬರೆಸಿಬಿಡು."

ಮಂಜ ಅಗಿಯುವುದನ್ನು ನಿಲ್ಲಿಸಿದ.

"ಗೋಡೆ ಎಲ್ಲಿದೆಯೋ? ಇರೋದು ನಾಲ್ಕು ಪಿಲ್ಲರು."