ಯು ಬೋಲ್ಟ್ ನಟ್ಟು ರೌಂಡ್ ಆಗಿದೆ, ನೀವೇ ಬಿಚ್ಚಿದ್ದರೆ ಹೇಳಿ

ತಿಪಟೂರು 407: ಗಾಡಿ 1998ರ ಟಾಟಾ 407, ಸಣ್ಣ ಲಾರಿ. ಹಿಂದಿನ ಎಡಗಡೆ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಮುರಿದಿದೆ, ಮನೆ ಹತ್ರ ನಾನೇ ಬಿಚ್ತಾ ಇದೀನಿ. ಕಮಾನನ್ನ ಆಕ್ಸಲಿಗೆ ಬಿಗಿದಿಡೋ ಯು ಬೋಲ್ಟುಗಳ ನಾಲ್ಕು ನಟ್ಟಲ್ಲಿ ಮೂರು ಬಂತು. ನಾಲ್ಕನೇದಕ್ಕೆ ರಿಂಗ್ ಪಾನಾ ಜಾರಿ ಜಾರಿ ಮೂಲೆಯೆಲ್ಲ ಸವೆದು ಗುಂಡಗಾಗಿದೆ. ಗ್ಯಾಸ್ ಕಟಿಂಗ್ ಇಲ್ದೆ ಬಿಚ್ಚಿದವರು ಇದ್ದೀರಾ?

ಮಲ್ಪೆ ಮೀನ್‌ಗಾಡಿ: ನಮ್ಮದು ಮೀನಿನ ಗಾಡಿ ಮಾರಾಯ್ರೆ. ಐಸ್ ಕರಗಿದ ಉಪ್ಪುನೀರು ದಿನಾ ಚಾಸಿ ಮೇಲೆ ಸುರಿತದೆ, ನಟ್ಟು ಯಾವುದು ಬೋಲ್ಟು ಯಾವುದು ಗೊತ್ತಾಗುದಿಲ್ಲ. ಮೂರು ದಿನ ಬೆಳಿಗ್ಗೆ ಸಂಜೆ ತುಕ್ಕಿನ ಸ್ಪ್ರೇ ಹೊಡೆದೆ, 240 ರೂಪಾಯಿಯ ಡಬ್ಬಿ ಎರಡು ಖಾಲಿ. ಪೈಪ್ ಪಾನಾಕ್ಕೆ ನಾಲ್ಕಡಿ ಪೈಪು ಸಿಕ್ಕಿಸಿ ಎಳೆದೆ, ಪಾನಾದ ಹಲ್ಲು ಹೋಯ್ತು, 850 ರೂಪಾಯಿ. ಮೊಣಕೈ ಚಾಸಿಗೆ ಬಡಿದು ಆರು ಹೊಲಿಗೆ. ಕಡೆಗೆ ಉಳಿ ಇಟ್ಟು ನಟ್ಟಿನ ಒಂದು ಮುಖ ಉದ್ದಕ್ಕೆ ಸೀಳಿದೆ. ಉಳಿ ಅರ್ಧ ಇಳಿಯುವಾಗ ಒಳಗಿಂದ ಕೆಂಪು ಪುಡಿ ಉದುರಿತು, ಮತ್ತೆ ಕೈಯಲ್ಲೇ ತಿರುಗಿತು. ಅಷ್ಟರಲ್ಲಿ ಮೂರು ಟ್ರಿಪ್ ಕೈ ತಪ್ಪಿತು. ಆದ್ರೂ ಗ್ಯಾರೇಜಿಗೆ ಕೊಡ್ಲಿಲ್ಲ.

ದಾವಣಗೆರೆ ಗ್ಯಾರೇಜ್: ಮೂರು ದಿನ ಯಾಕೆ ಒದ್ದಾಡಬೇಕು? ದೊಡ್ಡ ನಟ್ಟೊಂದನ್ನು ಮೇಲೆ ಕೂರಿಸಿ ಸುತ್ತ ವೆಲ್ಡ್ ಹಿಡಿಸಿ. ಆ ಬಿಸಿಗೇ ತುಕ್ಕು ಬಿಡುತ್ತೆ, ಕೆಂಪು ಇಳಿದ ಮೇಲೆ ಪಾನಾ ಹಾಕಿ. ಹತ್ತು ನಿಮಿಷದ ಕೆಲಸ.

ಹುಬ್ಬಳ್ಳಿ ಡ್ರೈವರ್: ವೆಲ್ಡಿಂಗ್ ಮಾತ ತೆಗೀಬ್ಯಾಡ್ರಿ. ನಮ್ಮ ಬಿಎಸ್6 (ಹೊಸ ಹೊಗಿ ನಿಯಮದ) ಗಾಡ್ಯಾಗ ಬ್ಯಾಟರಿ ವೈರ್ ಬಿಚ್ಚದ ವೆಲ್ಡ್ ಹೊಡದ್ರು, ಇಸಿಎಂ, ಅಂದ್ರ ಎಂಜಿನ್ ನಡಸೋ ಕಂಪ್ಯೂಟರ್, ಸುಟ್ಟು ಹೋತು. 38 ಸಾವಿರ! ಹನ್ನೊಂದು ದಿನ ಗಾಡಿ ನಿಂತ್ರೂ ಸಾಲದ ಕಂತು ನಿಲ್ಲಲಿಲ್ಲ. ಒಂದು ನಟ್ಟಿನ ಸಲುವಾಗಿ.

ದಾವಣಗೆರೆ ಗ್ಯಾರೇಜ್: ಅದು ಹೊಡೆದವನ ತಪ್ಪು, ವೆಲ್ಡಿಂಗಿನದ್ದಲ್ಲ. ಬ್ಯಾಟರಿಯ ಎರಡೂ ವೈರ್ ಬಿಚ್ಚಿ, ವೆಲ್ಡಿಂಗ್ ಮೆಷಿನ್ನಿನ ಅರ್ಥ್ ಕ್ಲಿಪ್ಪನ್ನು ನಟ್ಟಿನ ಪಕ್ಕದಲ್ಲೇ ಹಿಡಿಸಬೇಕು. ಆದರೂ ಇವರ 1998ರ ಗಾಡಿಯಲ್ಲಿ ಇಸಿಎಂ ಎಲ್ಲಿಂದ ಬಂತು ಸ್ವಾಮಿ?

ಮಲ್ಪೆ ಮೀನ್‌ಗಾಡಿ: ಬ್ರೇಕ್ ಪೈಪು ಅಲ್ಲೇ ಹತ್ತಿರ ಹೋಗ್ತದಲ್ಲ, ಅದನ್ನು ಹೇಳಿ. ಕೆಂಪಗೆ ಕಾಸಿದ ಯು ಬೋಲ್ಟನ್ನೇ ವಾಪಸ್ ಹಾಕುವ ಗ್ಯಾರೇಜಿನವರನ್ನೂ ನೋಡಿದ್ದೇನೆ.

ದಾವಣಗೆರೆ ಗ್ಯಾರೇಜ್: ನನ್ನ ಗ್ಯಾರೇಜಲ್ಲಿ ನೋಡಿದ್ರಾ? ಹೊಸ ಯು ಬೋಲ್ಟ್ ಹಾಕದೆ ಜಾಕಿ ಇಳಿಸಲ್ಲ ನಾನು. ಒಂದು ಲೋಡ್ ಹೋಗಿ ಬಂದ ಮೇಲೆ ಮತ್ತೆ ಬಿಗಿ ಮಾಡಿಸಿ ಅಂತ ಬಿಲ್ಲಿನ ಮೇಲೆ ಬರೆದು ಕೊಡ್ತೀನಿ. ಒಬ್ಬರೂ ಬರಲ್ಲ. ಪಟ್ಟಿಗಳನ್ನ ನಡುವೆ ಹಿಡಿದಿಡೋ ಸೆಂಟರ್ ಬೋಲ್ಟ್ ಮುರಿದ ಮೇಲೆ ಜಗಳಕ್ಕೆ ಬರ್ತಾರೆ.

ಹುಬ್ಬಳ್ಳಿ ಡ್ರೈವರ್: ಬರಾಕ ಟೈಮ್ ಯಾರ ಕೊಡ್ತಾರ್ರಿ? ಖಾಲಿ ಮಾಡಿದ ಕೂಡಲೇ ಮಾಲಕರ ಫೋನ್ ಬರ್ತದ, ಮುಂದಿನ ಲೋಡಿಗೆ ಹಚ್ಚಂತ. ನೀವು ಕಟ್ಟೀ ಮ್ಯಾಲೆ ಕುಂತು ಮಾತಾಡ್ತೀರಿ.

ದಾವಣಗೆರೆ ಗ್ಯಾರೇಜ್: ಮೂವತ್ತು ವರ್ಷ ಗಾಡಿ ಕೆಳಗೆ ಮಲಗಿದ್ದೀನಿ, ಕಟ್ಟೆ ಮೇಲಲ್ಲ.

ತಿಪಟೂರು 407: ಮಲ್ಪೆಯವರೇ, ಉಳಿ ಎಷ್ಟು ಅಗಲದ್ದು?

ಮಲ್ಪೆ ಮೀನ್‌ಗಾಡಿ: ಮುಕ್ಕಾಲು ಇಂಚಿಂದು, 120 ರೂಪಾಯಿ. ಎರಡು ತಗೊಳ್ಳಿ, ಒಂದರ ಬಾಯಿ ಮಡಚಿಯೇ ಮಡಚ್ತದೆ.