ಸಹಾಯ ಬೇಕು: ಕರೆಂಟ್ ಇಲ್ಲ, ಹಕ್ಕಿಗಳನ್ನು ರಾತ್ರಿಯಿಡೀ ಬೆಚ್ಚಗಿಡುವುದು ಹೇಗೆ?

ಮಧ್ಯಾಹ್ನದಿಂದ ಕರೆಂಟ್ ಇಲ್ಲ, ಹೀಟರ್ ನಿಂತಿದೆ. ಮನೆಯೊಳಗೇ 11 ಡಿಗ್ರಿ. ಎರಡು ಬಡ್ಜಿ (ಪುಟ್ಟ ಸಾಕುಗಿಳಿ) ಇವೆ, ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಅವುಗಳ ಬಗ್ಗೆ ಅಷ್ಟು ಭಯವಿಲ್ಲ. ಚಿಂತೆಯೆಲ್ಲ ಜುಟ್ಟಿನ ಗಿಳಿ ಕಾಕಟೀಲ್‌ದು. ವಯಸ್ಸಾದ ಹಕ್ಕಿ, ಒಂಟಿ ಬೇರೆ. ಪುಕ್ಕ ಉಬ್ಬಿಸಿಕೊಂಡು ಉಂಡೆಯ ಹಾಗೆ ಕೂತಿದೆ, ಕೊಕ್ಕನ್ನು ಬೆನ್ನಿನ ಪುಕ್ಕದಲ್ಲಿ ಹುದುಗಿಸಿಕೊಂಡಿದೆ. ಇನ್ನೂ ಕೋಲಿನ ಮೇಲೇ ಇದೆ, ಪಂಜರದ ತಳಕ್ಕೆ ಇಳಿದಿಲ್ಲ. ಅದೊಂದೇ ಸಮಾಧಾನ.

ಪಂಜರಗಳನ್ನು ಕಿಟಕಿಯಿಲ್ಲದ ಚಿಕ್ಕ ಕೋಣೆಗೆ ತಂದಿದ್ದೇನೆ. ಮೂರು ಕಡೆ ಕಂಬಳಿ ಹೊದಿಸಿ, ಗಾಳಿಯಾಡಲು ಮುಂದಿನ ಬದಿ ಬಿಟ್ಟಿದ್ದೇನೆ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಹೊರಗೆ ಒಂದೇ ಪಕ್ಕಕ್ಕೆ ಒರಗಿಸಿದ್ದೇನೆ, ಶಾಖ ಜಾಸ್ತಿಯಾದರೆ ಹಕ್ಕಿ ಆಚೆ ಸರಿಯಬೇಕು ಅಲ್ವಾ? ಕಾಳು ಸ್ವಲ್ಪ ಹೆಚ್ಚೇ ಹಾಕಿದ್ದೇನೆ.

ಆದರೆ ಬಾಟಲಿ ಬೇಗ ತಣ್ಣಗಾಗುತ್ತಿದೆ. ಬೆಳಗಿನವರೆಗೆ ಶಾಖ ಉಳಿಯಲು ಏನು ಮಾಡುತ್ತೀರಿ? ದಯವಿಟ್ಟು ಕೆಂಡ, ಸೀಮೆಎಣ್ಣೆ ಹೀಟರ್ ಹೇಳಬೇಡಿ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ, ಗ್ಯಾಸ್ ಹಕ್ಕಿಗಳಿಗೆ ನಮಗಿಂತ ಬೇಗ ತಗಲುತ್ತದೆ. ಕಾಕಟೀಲನ್ನು ಬಡ್ಜಿಗಳ ಜೊತೆ ಬಿಡಲು ಧೈರ್ಯವಿಲ್ಲ, ಜಗಳವಾಡುತ್ತವೆ. ಅದನ್ನು ಸ್ವೆಟರ್ ಒಳಗೆ, ಅದರ ಎದೆ ಒತ್ತದ ಹಾಗೆ ಇಟ್ಟುಕೊಂಡು ಕೂತರೆ ಸರಿಯಾ? ನಾನು ಎಚ್ಚರವಾಗೇ ಇರುತ್ತೇನೆ. ಅನುಭವ ಇರುವವರು ಬೇಗ ತಿಳಿಸಿ, ಫೋನಿನಲ್ಲಿ ಚಾರ್ಜ್ ಕಡಿಮೆ ಇದೆ.