ಪ್ಯಾನೆಲ್ ತೊಳೆದರೆ ಮುಗಿಯಿತೇ? ಸೌರ ಸ್ಥಾವರದ ನಿರ್ವಹಣೆ ಬಲ್ಲವರು ಹೇಳಿ

ಪ್ರಶ್ನೆ: 500 ಕಿಲೋವ್ಯಾಟ್‌ನ ಸೌರ ಸ್ಥಾವರವೊಂದರ ಹೊಣೆ ಈಚೆಗೆ ನನ್ನ ಹೆಗಲಿಗೆ ಬಂದಿದೆ. ಹಳೆಯ ದಾಖಲೆ ಪುಸ್ತಕ ತೆರೆದರೆ ಪುಟಗಟ್ಟಲೆ ಒಂದೇ ಸಾಲು: ‘ಪ್ಯಾನೆಲ್ ತೊಳೆಯಲಾಯಿತು’. ಕೆಟ್ಟ ಮೇಲೆ ಓಡಾಡುವುದಕ್ಕಿಂತ ಮೊದಲೇ ನೋಡಿಕೊಳ್ಳಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ 1: ನೇರ ವಿದ್ಯುತ್ತನ್ನು (ಡಿ.ಸಿ.) ಅಳೆಯಬಲ್ಲ ಕ್ಲ್ಯಾಂಪ್ ಮೀಟರಿನಿಂದ, ಅಂದರೆ ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರಿನಿಂದ ಆರಂಭಿಸಿ. ಮೋಡವಿಲ್ಲದ ನಡುಹಗಲಿನಲ್ಲಿ ಒಂದೊಂದು ಕಂಬೈನರ್ ಪೆಟ್ಟಿಗೆಗೆ (ಹಲವು ಸ್ಟ್ರಿಂಗ್‌ಗಳ ತಂತಿಗಳು ಬಂದು ಸೇರುವ ಪೆಟ್ಟಿಗೆ) ಬರುವ ಸ್ಟ್ರಿಂಗ್‌ಗಳ, ಅಂದರೆ ಸರಣಿಯಾಗಿ ಜೋಡಿಸಿದ ಫಲಕಗಳ ಸಾಲುಗಳ, ಕರೆಂಟನ್ನೂ ಒಂದರ ಬೆನ್ನಿಗೊಂದರಂತೆ ಅಳೆದು ಬರೆದುಕೊಳ್ಳಿ. ಎಷ್ಟು ಆಂಪಿಯರ್ ಎಂಬುದಕ್ಕಿಂತ ಪಕ್ಕದ ಸ್ಟ್ರಿಂಗಿಗಿಂತ ಎಷ್ಟು ಕಡಿಮೆ ಎಂಬುದೇ ಮುಖ್ಯ. ಎಪ್ಪತ್ತು ಸ್ಟ್ರಿಂಗ್‌ಗಳಲ್ಲಿ ಒಂದು ಸತ್ತರೆ ಒಟ್ಟು ಉತ್ಪಾದನೆ ಇಳಿಯುವುದು ಶೇಕಡಾ ಒಂದೂವರೆಯಷ್ಟು; ಅದು ಮೋಡದ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ನನ್ನ ಕಡೆ ಹಾಗೆ ಸತ್ತಿದ್ದ ಸ್ಟ್ರಿಂಗೊಂದು ಇಡೀ ಬೇಸಿಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫಲಕಗಳು ಮಾತ್ರ ಫಳಫಳ ಹೊಳೆಯುತ್ತಿದ್ದವು!

ಆಮೇಲೆ ಫಲಕಗಳ ಕೇಬಲ್‌ಗಳನ್ನು ಸೇರಿಸುವ ಕನೆಕ್ಟರ್‌ಗಳು. ಎರಡು ಬೇರೆ ಕಂಪನಿಗಳ ಕನೆಕ್ಟರ್‌ಗಳು ಒಂದರೊಳಗೊಂದು ಕೂರುತ್ತವೆ ಎಂದ ಮಾತ್ರಕ್ಕೆ ಜೋಡಿಯಲ್ಲ. ಒಳಗಿನ ಲೋಹ ಸರಿಯಾಗಿ ತಾಗದೆ ಬಿಸಿಯಾಗಿ, ಕರಗಿ, ಬೆಂಕಿಯವರೆಗೂ ಹೋಗಬಹುದು. ಥರ್ಮಲ್ ಕ್ಯಾಮೆರಾದಲ್ಲಿ ಇಂಥವು ಬೇಗ ಸಿಕ್ಕಿಬೀಳುತ್ತವೆ, ಆದರೆ ಬಿಸಿಲು ಚದರ ಮೀಟರಿಗೆ 600 ವ್ಯಾಟ್ ಆದರೂ ಇರಬೇಕು. ಬೆಳಗಿನ ಎಳೆಬಿಸಿಲಿನಲ್ಲಿ ಚಿತ್ರ ತೆಗೆದು ‘ಎಲ್ಲ ಸರಿಯಿದೆ’ ಎಂಬ ವರದಿ ಕೊಟ್ಟವರನ್ನು ನಾನು ಕಂಡಿದ್ದೇನೆ.

ಉತ್ತರ 2: ಮಳೆಗಾಲದ ಬೆಳಗ್ಗೆ ಇನ್ವರ್ಟರ್‌ಗಳು (ಫಲಕಗಳ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವ ಯಂತ್ರಗಳು) ಎಷ್ಟು ಗಂಟೆಗೆ ಏಳುತ್ತವೆ ನೋಡುತ್ತಿರಿ. ನಮ್ಮ ಐದರಲ್ಲಿ ಒಂದು ಮಾತ್ರ ಮಳೆಯ ಮರುದಿನ ತಡವಾಗಿ ಶುರುವಾಗುತ್ತಿತ್ತು. ಪರದೆಯ ಮೇಲೆ ಇನ್ಸುಲೇಷನ್ ದೋಷದ, ಅಂದರೆ ಎಲ್ಲೋ ವಿದ್ಯುತ್ತು ಸೋರುತ್ತಿದೆ ಎಂಬ ಸಂದೇಶ. ತಂತ್ರಜ್ಞರು ಹನ್ನೊಂದು ಗಂಟೆಗೆ ಬರುವಷ್ಟರಲ್ಲಿ ಎಲ್ಲ ಒಣಗಿ ಇನ್ವರ್ಟರ್ ಏನೂ ಅರಿಯದಂತೆ ಓಡುತ್ತಿತ್ತು. ಮೂರು ಸಲ ಬಂದು ಮೂರು ಸಲವೂ ಬರಿಗೈಯಲ್ಲಿ ಹೋದರು. ಕೊನೆಗೆ ನಸುಕಿನಲ್ಲೇ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದು ಹೋದೆವು. ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಪುಡಿಯಾಗಿ, ಕೇಬಲ್ ಜೋತುಬಿದ್ದು, ಕಬ್ಬಿಣದ ಅಂಚಿಗೆ ಉಜ್ಜಿ ಹೊದಿಕೆ ಸವೆದಿತ್ತು. ದೋಷ ಕಾಣುವ ಹೊತ್ತಿಗೇ ಹೋಗದಿದ್ದರೆ ಅದು ಸಿಗುವುದಿಲ್ಲ.

ಇನ್ವರ್ಟರಿನ ಫ್ಯಾನ್, ಜಾಲರಿಗಳ ಧೂಳನ್ನೂ ತೆಗೆಸಿ. ಒಳಗೆ ಬಿಸಿಯೇರಿದರೆ ಅದು ಬಾಯಿಬಿಟ್ಟು ಹೇಳದೆ ತಾನೇ ಉತ್ಪಾದನೆ ತಗ್ಗಿಸಿಕೊಳ್ಳುತ್ತದೆ.

ಉತ್ತರ 3: ತೊಳೆಯುವುದನ್ನೂ ತೀರಾ ಹಗುರವಾಗಿ ಕಾಣಬೇಡಿ. ಸುಡುವ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಮುಂಜಾನೆಯೇ ಮುಗಿಸಿ. ಗಡಸು ನೀರು ಆರಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದಿಂದ ಚಿಮ್ಮಿದ ಕಲ್ಲಿಗೆ ನಮ್ಮಲ್ಲಿ ಎರಡು ಫಲಕಗಳ ಗಾಜು ಒಡೆದಿದೆ.

ಪ್ರಶ್ನೆ ಕೇಳಿದವರು: ನಿನ್ನೆ ಮಧ್ಯಾಹ್ನ ಅಳೆದೆ. ಒಂದೇ ಪೆಟ್ಟಿಗೆಯ ಮೂರು ಸ್ಟ್ರಿಂಗ್‌ಗಳಲ್ಲಿ ಸೊನ್ನೆ! ಮೂರರ ಫ್ಯೂಸೂ ಹೋಗಿವೆ. ಹೊಸದು ಹಾಕಿಬಿಡಲೇ?

ಉತ್ತರ 1: ಸ್ವಲ್ಪ ತಡೆಯಿರಿ. ಫಲಕಗಳ ಶಾರ್ಟ್ ಸರ್ಕ್ಯೂಟ್ ಕರೆಂಟು ಮಾಮೂಲಿ ಕರೆಂಟಿಗಿಂತ ತುಸುವೇ ಹೆಚ್ಚು, ಆದ್ದರಿಂದ ಈ ಫ್ಯೂಸ್‌ಗಳು ಸುಮ್ಮಸುಮ್ಮನೆ ಹೋಗುವುದಿಲ್ಲ. ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿದೆಯೇ, ಸ್ಕ್ರೂ ಸಡಿಲವಾಗಿದೆಯೇ ನೋಡಿ; ಹಾಗಿದ್ದರೆ ಹೋಲ್ಡರನ್ನೇ ಬದಲಿಸಿ. ಆ ಮೂರೂ ಸ್ಟ್ರಿಂಗ್‌ಗಳ ಇನ್ಸುಲೇಷನ್ ಪರೀಕ್ಷೆಯೂ ಆಗಲಿ. ಮುಟ್ಟುವ ಮೊದಲು ಇನ್ವರ್ಟರ್ ನಿಲ್ಲಿಸಿ, ಐಸೊಲೇಟರ್ (ಸಂಪರ್ಕ ಕಡಿಯುವ ಸ್ವಿಚ್) ಬಿಡಿಸಿ, ಕರೆಂಟು ಸೊನ್ನೆಯಾಗಿದೆ ಎಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಕರೆಂಟು ಹರಿಯುತ್ತಿರುವಾಗ ಫ್ಯೂಸ್ ಎಳೆದರೆ ಏಳುವ ನೇರ ವಿದ್ಯುತ್ತಿನ ಕಿಡಿ ತಾನಾಗಿ ಆರುವುದಿಲ್ಲ. ಕರೆಂಟು ಸೊನ್ನೆಯಾದರೂ ಬಿಸಿಲಿರುವವರೆಗೆ ಪೆಟ್ಟಿಗೆಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಹಾಗಾಗಿ ಕೈಗವಸು ತೆಗೆಯಬೇಡಿ.